ನಾಲ್ಕು ಮಡಿಕೆಯ ಜಮಖಾನೆ

ನಮ್ಮ ಮನೆಯಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶ ಏನೇ ನಡೆದರೂ, ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಹೊರಬಂದ ಮೇಲೆ ಯಾರಾದರೊಬ್ಬರು ಅಪ್ಪನ ಹಳೆಯ ಕಾರಿನ ಕಥೆ ತೆಗೆದೇ ತೆಗೆಯುತ್ತಾರೆ. ಏರು ಹತ್ತಲಾರದ ಕಾರು, ಅದರ ಕಾಯಿಲೆ ಹುಡುಕಿ ಹುಡುಕಿ ಸುಸ್ತಾದ ಮೆಕ್ಯಾನಿಕ್, ಕೊನೆಗೆ ಸಿಕ್ಕಿಬಿದ್ದ ಅವ್ವನ ಜಮಖಾನೆ. ಅವ್ವನ ತವರುಮನೆಯೇ ಗಾಡಿಯ ಕಾಲು ಹಿಡಿದಿತ್ತು ಎಂಬಲ್ಲಿಗೆ ಕಥೆ ಮುಗಿಯುತ್ತದೆ, ಎಲ್ಲರೂ ನಗುತ್ತಾರೆ. ಹೊಸದಾಗಿ ಮನೆಗೆ ಬಂದ ಸೊಸೆಯರಿಗೆ, ಅಳಿಯಂದಿರಿಗೆ ಅದನ್ನು ಮೊದಲಿನಿಂದ ಬಿಡಿಸಿ ಹೇಳುತ್ತಾರೆ, ಅವರೂ ನಗುತ್ತಾರೆ. ಅವ್ವ ಇದ್ದಾಗ ಅವಳ ಎದುರಿನಲ್ಲೇ ಹೇಳುತ್ತಿದ್ದರು. ಅವಳು ತಲೆ ಬಗ್ಗಿಸಿ ಎಲೆಗೆ ಸುಣ್ಣ ಸವರುತ್ತ ಕುಳಿತಿರುತ್ತಿದ್ದಳು. ಈಗ ಅವಳಿಲ್ಲ, ಕಥೆ ಮಾತ್ರ ಹಾಗೇ ಇದೆ. ಹೋದ ತಿಂಗಳು ಅಣ್ಣನ ಮೊಮ್ಮಗಳ ಹೆಸರಿಡುವ ದಿನ ಮತ್ತೆ ಅದನ್ನು ಕೇಳಿ ಬಂದಿದ್ದೇನೆ. ಹಾಗಾಗಿ ಈ ಅಧ್ಯಾಯವನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆ ಕಥೆಯಲ್ಲಿ ಹೇಳುವುದು ಬಹುಮಟ್ಟಿಗೆ ನಿಜ. ಅವರು ಬಿಟ್ಟುಬಿಡುವುದು ಏನು ಎಂಬುದು ನನಗೆ ಗೊತ್ತಿದೆ, ಏಕೆಂದರೆ ನಾನು ಆ ಕಾರಿನಲ್ಲಿದ್ದೆ.

ಆಗ ನಾವು ಹೈದರಾಬಾದಿನ ತಾರ್ನಾಕದಲ್ಲಿದ್ದೆವು. ಅಪ್ಪನಿಗೆ ಉಪ್ಪಲ್ ಕಡೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನೌಕರಿ. ದೊಡ್ಡ ಮನೆಯೊಂದರ ಅರ್ಧ ಭಾಗ ನಮ್ಮದು. ಗೇಟಿನೊಳಗೆ ಒಂದು ಕಣಗಿಲೆ ಗಿಡ, ಅದರ ಪಕ್ಕ ಕಾರು ನಿಲ್ಲುವಷ್ಟು ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ನಟ್ಟನಡುವೆ ಅಪ್ಪನ ತಾಯಿ, ನಮ್ಮ ಆಯಿಯ ಮಂಚ. ಅಲ್ಲಿ ಮಲಗಿದರೆ ಒಂದು ಕಣ್ಣಿಗೆ ಗೇಟು, ಇನ್ನೊಂದು ಕಣ್ಣಿಗೆ ಅಡಿಗೆಮನೆ ಕಾಣುತ್ತಿತ್ತು. ಆ ಮಂಚವನ್ನು ಅಲ್ಲಿ ಹಾಕಿಸಿದ್ದೇ ಅದಕ್ಕೆ. ಒಳಗೆ ಎರಡು ಕೋಣೆ, ಒಂದು ಅಪ್ಪನದು, ಒಂದು ಅಪ್ಪನ ತಮ್ಮ, ನಮ್ಮ ಕಾಕಾನದು. ಅವ್ವನದು ಅಂತ ಇದ್ದದ್ದು ಅಡಿಗೆಮನೆಯ ಮೂಲೆಯಲ್ಲಿದ್ದ ಒಂದು ತಗಡಿನ ಟ್ರಂಕು ಮಾತ್ರ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಗದಗಿನ ಕನ್ನಡ. ಊಟಕ್ಕೆ ಮೊದಲು ಅಪ್ಪ, ಕಾಕಾ ಮತ್ತು ಅಣ್ಣ, ಆಮೇಲೆ ಆಯಿ, ಕೊನೆಗೆ ನಾನು ಮತ್ತು ಅವ್ವ. ಅಣ್ಣ ನನಗಿಂತ ಎರಡೇ ವರ್ಷ ದೊಡ್ಡವನು, ಆದರೂ ಬಿಸಿ ರೊಟ್ಟಿ ಅವನ ತಾಟಿಗೆ. ನನ್ನ ಪಾಲಿಗೆ ಬರುವ ಹೊತ್ತಿಗೆ ರೊಟ್ಟಿ ಬಡಿಗೆಯಂತಾಗಿ, ಬದನೆಕಾಯಿ ಎಣ್ಣೆಗಾಯಿಯಲ್ಲಿ ಬರೀ ತೊಟ್ಟು ಉಳಿದಿರುತ್ತಿತ್ತು. ಅವ್ವ ಆ ತೊಟ್ಟನ್ನೂ ನನಗೆ ಹಾಕಿ ತಾನು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ನನ್ನ ಸಿಟ್ಟು ಶುರುವಾದದ್ದು ಆ ಅಡಿಗೆಮನೆಯಲ್ಲೇ ಇರಬೇಕು.

ಕಾರು ಬಂದದ್ದು ನನಗೆ ಹತ್ತು ತುಂಬಿದ ವರ್ಷ. ಊರು ಬಿಟ್ಟು ಹೊರಟಿದ್ದ ಒಬ್ಬ ಅಧಿಕಾರಿಯಿಂದ ಅಪ್ಪ ಅದನ್ನು ಕೊಂಡಿದ್ದ. ಬೂದಿ ಬಣ್ಣ, ಗುಂಡು ಬೆನ್ನು, ಬಾಗಿಲು ಹಾಕಿದರೆ ಇಡೀ ಓಣಿಗೆ ಕೇಳಿಸುವ ಸದ್ದು. ಅದಕ್ಕೆ ವಯಸ್ಸಾಗಿತ್ತು, ಆದರೆ ಗಟ್ಟಿಯಾಗಿತ್ತು. ಅಪ್ಪ ಓಡಿಸಲು ಕಲಿತು ಇನ್ನೂ ವರ್ಷ ತುಂಬಿರಲಿಲ್ಲ, ಸ್ಟೇರಿಂಗ್ ಹಿಂದೆ ಕುಳಿತನೆಂದರೆ ಹುಟ್ಟಿದಾಗಿನಿಂದ ಅಲ್ಲೇ ಕುಳಿತವನ ಗತ್ತು. ಆ ದಸರೆಯಲ್ಲಿ ಖಂಡೇನವಮಿಯ ದಿನ ಕಾರಿಗೆ ಪೂಜೆಯಾಯಿತು. ಬಾನೆಟ್ಟಿಗೆ ವಿಭೂತಿ, ಚೆಂಡು ಹೂವಿನ ಮಾಲೆ, ಗಾಲಿಗೆ ನಿಂಬೆಹಣ್ಣು. ಆರತಿ ಮುಗಿದ ಮೇಲೆ ಆಯಿ ಒಂದು ಕಾನೂನು ಹೊರಡಿಸಿದಳು.

"ಇದು ಮನಿಗೆ ಬಂದ ಲಕ್ಷ್ಮಿ ಐತಿ. ಇನ್ನ ಮ್ಯಾಲೆ ಯಾರೂ ಚಪ್ಪಲ್ ಹಾಕ್ಕೊಂಡು ಒಳಗ ಕಾಲ ಇಡೂ ಹಂಗಿಲ್ಲ."

ಅಂದಿನಿಂದ ಕಾರು ಹತ್ತುವ ಮೊದಲು ಎಲ್ಲರ ಚಪ್ಪಲಿಗಳನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಡಿಕ್ಕಿಯಲ್ಲಿ ಇಡಬೇಕಾಯಿತು. ಇಳಿಯುವಾಗ ಡಿಕ್ಕಿ ತೆಗೆದು, ಚೀಲ ಸುರಿದು, ಅವರವರದು ಹುಡುಕಿಕೊಳ್ಳಬೇಕು. ತಾರ್ನಾಕದ ಜನ ನಮ್ಮನ್ನು ನಿಂತು ನೋಡುತ್ತಿದ್ದರು. ಚಳಿಗಾಲ ಇರುವತನಕ ಇದರಿಂದ ತೊಂದರೆಯೇನೂ ಆಗಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಎಂಜಿನ್ನಿನ ಕಾವು ಮುಂದಿನ ತಗಡಿಗೆ ಇಳಿದು ಅಪ್ಪನ ಬರಿಗಾಲು ಸುಡಲಾರಂಭಿಸಿತು. ತಾಯಿಯ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ. ಒಂದು ಬೆಳಿಗ್ಗೆ ಅಡಿಗೆಮನೆಗೆ ಬಂದು, ಅವ್ವನ ಟ್ರಂಕು ತೆಗೆದು, ಅದರಲ್ಲಿದ್ದ ಜಮಖಾನೆಯನ್ನು ಎಳೆದುಕೊಂಡು ಹೋಗಿ ಕಾಲಡಿಗೆ ಹಾಕಿಕೊಂಡ. ಕೇಳಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆ ತಿರುಗಿ ನೋಡಿದಳು, ಅಷ್ಟೇ.

ಆ ಜಮಖಾನೆಯ ವಿಷಯ ಇಲ್ಲಿ ಹೇಳಲೇಬೇಕು. ಅವ್ವನ ತವರು ನವಲಗುಂದ. ಆ ಊರಿನ ಜಮಖಾನೆ ಎಂಥದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಂಗೈ ಇಟ್ಟರೆ ಒತ್ತಾಗಿ ತಡೆಯುವ ನೇಯ್ಗೆ, ಒಗೆದಷ್ಟೂ ಗಟ್ಟಿಯಾಗುವ ನೂಲು. ಅವ್ವನದು ಇಬ್ಬರು ಕೂರುವಷ್ಟು ಸಣ್ಣದು, ಕೆಂಪು ಬಣ್ಣದ್ದು, ನಡುವೆ ಪಗಡೆಯ ಹಾಸು, ಎರಡು ತುದಿಗೆ ಎರಡು ನವಿಲು. ಅಣ್ಣ ಹೊಟ್ಟೆಯಲ್ಲಿದ್ದಾಗ ತವರಿನಲ್ಲಿ ಅವಳಿಗೆ ಕುಬಸ ಮಾಡಿದ ದಿನ ಅದರ ಮೇಲೆ ಕೂರಿಸಿ ಉಡಿ ತುಂಬಿದ್ದರಂತೆ. ಬರುವಾಗ ಅವಳ ತಾಯಿ ಅದನ್ನು ಮಡಿಸಿ ಟ್ರಂಕಿಗೆ ಹಾಕಿಕೊಟ್ಟಿದ್ದಳು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಬೇವಿನ ಎಲೆ ಉದುರಿಸಿ ಮತ್ತೆ ಒಳಗಿಡುತ್ತಿದ್ದಳು. ನನ್ನನ್ನು ಕೂಡ ಅದರ ಮೇಲೆ ಕೂರಿಸಿದವಳಲ್ಲ. ಅದು ಈಗ ಅಪ್ಪನ ಹಿಮ್ಮಡಿಯ ಕೆಳಗೆ ಬಂತು. ಮೊದಮೊದಲು ಎರಡು ಮಡಿಕೆ ಸಾಕಾಗಿತ್ತು. ಬಿಸಿಲು ಜೋರಾದಂತೆ ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ, ಕ್ಲಚ್ಚಿನಿಂದ ಆಕ್ಸಿಲರೇಟರಿನವರೆಗೆ ಒತ್ತಿ ಒತ್ತಿ ತುರುಕಿದ.

ಕಾರಿನ ಶಕ್ತಿ ಕುಂದಿದ್ದು ಆಗಲೇ. ಸಪಾಟು ರಸ್ತೆಯಲ್ಲಿ ಹೇಗೋ ಹೋಗುತ್ತಿತ್ತು. ಭಾನುವಾರ ನಾವೆಲ್ಲ ಸಿಕಂದರಾಬಾದಿನಲ್ಲಿದ್ದ ಸೋದರತ್ತೆಯ ಮನೆಗೆ ಊಟಕ್ಕೆ ಹೋಗುವುದು ವಾಡಿಕೆ. ದಾರಿಯಲ್ಲಿ ಮೆಟ್ಟುಗೂಡದ ಏರು. ಅಲ್ಲಿಗೆ ಬಂದರೆ ಕಾರು ಗುರ್ ಎಂದು ಗೊಣಗುತ್ತ, ಗೇರು ಇಳಿಸಿದರೂ ಮುಂದಕ್ಕೆ ಹೋಗದೆ, ಸೈಕಲ್ಲಿನವರೂ ನಮ್ಮನ್ನು ದಾಟಿ ತಿರುಗಿ ನೋಡುವಂತಾಯಿತು. ಹಿಂದೆ ಲಾರಿಗಳು ಹಾರ್ನು ಬಾರಿಸತೊಡಗಿದವು. ಮೊದಲ ಸಲ ಹಾಗಾದಾಗ ಅಪ್ಪನ ಕತ್ತು ಬೆವೆತದ್ದು ನನಗೆ ಕಂಡಿತು. ಮುಂದಿನ ಸೀಟಿನಲ್ಲಿ ಕಾಕಾ ಮತ್ತು ಅಣ್ಣ. ಹಿಂದೆ ಆಯಿ, ಅವ್ವ, ನಾನು. ಅಪ್ಪ ಕನ್ನಡಿಯಲ್ಲಿ ನೋಡಿ ಅಂದ:

"ಗಾಡಿ ಏರವಲ್ತು. ನೀ ಒಂದೀಟ ಇಳಿ. ಸುನಂದಾ, ನೀನೂ ಇಳಿ ಅವ್ವನ ಕೂಡ."

ಕಾಕಾ ಅತ್ತಿಗೆಯ ಕಡೆ ತಿರುಗಿ ನಕ್ಕು ಹೇಳಿದ:

"ವೈನಿ ಇಳದ್ರಂದ್ರ ಗಾಡಿಗೆ ಇನ್ನೊಂದು ಗೇರು ಬಂದಂಗ ನೋಡ್ರಿ!"

ಇಲ್ಲಿ ನಾನು ಒಂದು ಮಾತು ಕೇಳಬೇಕು. ಕಾಕಾ ಅವ್ವನ ಇಮ್ಮಡಿ ಇದ್ದ. ಆ ಕಾರಿನಲ್ಲಿ ನಿಜಕ್ಕೂ ಭಾರ ಕಡಿಮೆ ಮಾಡಬೇಕಿದ್ದರೆ ಮೊದಲು ಇಳಿಯಬೇಕಾದವನು ಅವನು. ಅವನಿಗೆ ಇಳಿ ಎನ್ನಲು ಯಾರಿಗೂ ನಾಲಿಗೆ ಬರಲಿಲ್ಲ. ಅವ್ವ ಇಳಿದಳು, ನಾನೂ ಇಳಿದೆ. ಚಪ್ಪಲಿ ಡಿಕ್ಕಿಯಲ್ಲಿ. ಏರಿನಲ್ಲಿ ಕಾರು ಪೂರ್ತಿ ನಿಲ್ಲಿಸಿದರೆ ಮತ್ತೆ ಹೊರಡದು ಎಂದು ಅಪ್ಪ ಅರ್ಧ ಚಲಿಸುತ್ತಲೇ ನಮ್ಮನ್ನು ಇಳಿಸಿದ್ದ, ಡಿಕ್ಕಿ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಹನ್ನೊಂದು ಗಂಟೆಯ ಬಿಸಿಲು, ಕರಗಿದ ಡಾಂಬರು. ನಾನು ಕುಣಿದು ಕುಣಿದು ರಸ್ತೆಯಂಚಿನ ಮಣ್ಣಿಗೆ ಹಾರಿದೆ. ಅಲ್ಲಿ ಗಾಜಿನ ಚೂರು, ಮುಳ್ಳು. ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಹತ್ತಿದಳು. ಒಂದು ಕಡೆ ನಿಂತು ತನ್ನ ಸೆರಗಿನ ತುದಿ ನೆಲಕ್ಕೆ ಬಿಟ್ಟು, ಅದರ ಮೇಲೆ ನಿಲ್ಲು ಎಂದು ನನಗೆ ಹೇಳಿದಳು. ನಡುರಸ್ತೆಯಲ್ಲಿ ನಾನು ಅವಳ ಸೆರಗಿನ ಮೇಲೆ ನಿಂತು ಕಾಲು ತಣ್ಣಗೆ ಮಾಡಿಕೊಂಡೆ, ಅವಳು ಡಾಂಬರಿನ ಮೇಲೆ ನಿಂತಳು. ಬಸ್ಸಿನ ಕಿಟಕಿಯಿಂದ ಜನ ನೋಡುತ್ತಿದ್ದರು. ಮೇಲೆ ಕಾರು ನಮಗಾಗಿ ಕಾಯುತ್ತಿತ್ತು. ಹತ್ತಿ ಕುಳಿತಾಗ ಆಯಿ, ಕಾಲು ಒರೆಸ್ಕೊಂಡು ಹತ್ತಬಾರದೇನು, ಎಂದಳು.

ಹೀಗೆ ಆರೇಳು ಭಾನುವಾರ ನಡೆಯಿತು. ಮನೆಯಲ್ಲಿ ಎಲ್ಲರೂ ಕಾರಿನ ವೈದ್ಯರಾದರು. ಆಯಿಯ ಪ್ರಕಾರ ದೃಷ್ಟಿ ತಾಗಿತ್ತು, ಶನಿವಾರ ಶನಿವಾರ ನಿಂಬೆಹಣ್ಣು ಬದಲಾಯಿತು. ಕಾಕಾ ಪೆಟ್ರೋಲಿನಲ್ಲಿ ಕಲಬೆರಕೆ ಎಂದ. ಅಪ್ಪ ಎಂಜಿನ್ನಿಗೆ ಮುಪ್ಪು ಬಂತು ಎಂದು ಒಮ್ಮೆ, ಹೆಂಗಸರು ಬುತ್ತಿಯ ಡಬ್ಬಿ ಹೆಚ್ಚು ಹೇರುತ್ತಾರೆ ಎಂದು ಇನ್ನೊಮ್ಮೆ ಅಂದ. ಡಬ್ಬಿ ಒಂದೇ ಇತ್ತು, ಅದರಲ್ಲಿ ಅಪ್ಪನಿಗೆ ಪ್ರಿಯವಾದ ಶೇಂಗಾ ಹೋಳಿಗೆ ಇರುತ್ತಿತ್ತು. ಅವ್ವನ ಪಾದದಲ್ಲಿ ಬೊಕ್ಕೆ ಎದ್ದು ಒಡೆದು, ಅವಳು ಅಡಿಗೆಮನೆಯಲ್ಲಿ ಹಿಮ್ಮಡಿಯ ಮೇಲೆ ನಡೆಯುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ಕಾರಿನ ಕಾಯಿಲೆ ಮಾತ್ರ ದಿನಾ ಮೂರು ಹೊತ್ತೂ ಊಟದ ಜೊತೆ ಬಡಿಸಲ್ಪಡುತ್ತಿತ್ತು.

ಕೊನೆಗೆ ಅಪ್ಪ ಲಾಲಾಪೇಟೆಯಿಂದ ಮೆಕ್ಯಾನಿಕ್ ಖಾಜಾ ಮಿಯಾನನ್ನು ಕರೆಸಿದ. ತೆಳ್ಳಗಿನ ಮನುಷ್ಯ, ನರೆತ ಗಡ್ಡ, ಸೈಕಲ್ಲಿನ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ಸಾಮಾನು. ಎಣ್ಣೆ ಕುಡಿದು ಕಪ್ಪಾದ ದಪ್ಪ ಬೂಟು ಹಾಕುತ್ತಿದ್ದ. ಅವನು ಬಂದ ಕೂಡಲೇ ಆಯಿ ಮಂಚದಿಂದ ಕೂಗುತ್ತಿದ್ದಳು, ಕಾರಿನೊಳಗಿನ ಹಾಸು ತೆಗೀರಿ, ಅವನ ಬೂಟು ತಾಗೀತು ಎಂದು. ಅಣ್ಣ ಓಡಿಹೋಗಿ ಜಮಖಾನೆ ಎಳೆದು ಕಾಂಪೌಂಡಿನ ಗೋಡೆಯ ಮೇಲೆ ಹಾಕುತ್ತಿದ್ದ. ಖಾಜಾ ಮಿಯಾ ಹೋದ ಮೇಲೆ ಆಯಿ ಕಾರಿಗೂ ಜಮಖಾನೆಗೂ ಅರಿಷಿಣದ ನೀರು ಚಿಮುಕಿಸಿ ಮತ್ತೆ ನಾಲ್ಕು ಮಡಿಕೆ ಮಾಡಿಸಿ ಒಳಗಿಡಿಸುತ್ತಿದ್ದಳು. ಮನುಷ್ಯ ನಮ್ಮ ಕಾರಿನ ಕೆಳಗೆ ಮಲಗಿ ಮೈ ಸುಟ್ಟುಕೊಂಡು ಕೆಲಸ ಮಾಡಿ ಹೋಗಬೇಕು, ಹೋದ ಬೆನ್ನಿಗೆ ಅವನು ಮುಟ್ಟಿದ್ದನ್ನು ತೊಳೆಯಬೇಕು. ನಾಚಿಕೆಯಾಗುತ್ತದೆ ಬರೆಯಲು, ಆದರೆ ನಡೆದದ್ದು ಹೀಗೆ. ಹೀಗೆ ನಡೆಯದಿದ್ದರೆ ಆ ಕಾಯಿಲೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಅವನು ಸಾಮಾನು ಬದಲಾಯಿಸಿಬಿಟ್ಟಾನು ಎಂದು ಅಪ್ಪ ನನ್ನನ್ನು ಕಾವಲಿಗೆ ನಿಲ್ಲಿಸಿದ. ಅಣ್ಣನಿಗೆ ಆಟವಿತ್ತು, ನನಗೇನು ಕೆಲಸ. ನಾನು ಕಣಗಿಲೆ ಗಿಡದ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತೆ. ಖಾಜಾ ಮಿಯಾನಿಗೆ ನಾನು ಯಾಕೆ ಕುಳಿತಿದ್ದೇನೆಂದು ಗೊತ್ತಿತ್ತು, ಆದರೂ ಸಿಟ್ಟು ಮಾಡಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಒಂದೊಂದನ್ನೇ ಹೇಳಿಕೊಟ್ಟ.

"ದಮ್ ಕಮ್ ಹೋಗಯಾ ಬೋಲೇ ತೋ, ಪೈಲೇ ದೇಖನಾ ದಮ್ ಅಂದರ್ ಜಾರಾ ಕಿ ನೈ. ಫಿರ್ ಬಾಹರ್ ಆರಾ ಕಿ ನೈ."

ಶಕ್ತಿ ಕುಂದಿದೆ ಎಂದರೆ ಮೊದಲು ನೋಡಬೇಕಾದದ್ದು, ಗಾಡಿಯ ಉಸಿರು ಒಳಗೆ ಹೋಗುತ್ತಿದೆಯೇ, ಆಮೇಲೆ ಹೊರಗೆ ಬರುತ್ತಿದೆಯೇ. ಗಾಳಿಯ ಜಾಲರಿ ಬಿಚ್ಚಿ ಕೊಡವಿದ, ಹಿಡಿ ದೂಳು ಬಿತ್ತು, ಆದರೆ ಕಟ್ಟಿಕೊಂಡಿರಲಿಲ್ಲ. ಸೈಲೆನ್ಸರಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಹೊಗೆಯ ಒತ್ತಡ ನೋಡಿದ, ನನ್ನ ಕೈಯನ್ನೂ ಹಿಡಿಸಿ ತೋರಿಸಿದ. ಪ್ಲಗ್ಗು ತೆಗೆದು ಉಜ್ಜಿ ಕಿಡಿ ಹಾರಿಸಿದ. ಕಾರ್ಬೊರೇಟರ್ ಬಿಚ್ಚಿ ಸಣ್ಣ ತೂತುಗಳಿಗೆ ಬಾಯಿಯಿಂದ ಊದಿದ. ಪೆಟ್ರೋಲಿನ ಪೈಪು ಬಿಡಿಸಿ ಧಾರೆ ಸರಿಯಾಗಿ ಬರುತ್ತದೆಯೇ ನೋಡಿದ. ಬ್ರೇಕು ಹಿಡಿದುಕೊಂಡಿದೆಯೇ ಎಂದು ತಿಳಿಯಲು ಕಾರನ್ನು ಒಂದೇ ಕೈಯಲ್ಲಿ ನೂಕಿದ, ಅದು ಸಲೀಸಾಗಿ ಉರುಳಿತು. ಎಲ್ಲ ಮುಗಿದ ಮೇಲೆ ತಾನೇ ಓಡಿಸಿಕೊಂಡು ಏರಿನವರೆಗೆ ಹೋದ. ನಾನು ಹಿಂದೆ ಕುಳಿತಿದ್ದೆ. ಆ ಏರನ್ನು ಕಾರು ಎಷ್ಟು ಸರಾಗವಾಗಿ ಹತ್ತಿತೆಂದರೆ ನನಗೆ ನಂಬಲಾಗಲಿಲ್ಲ. ಆ ಭಾನುವಾರ ಅಪ್ಪ ಓಡಿಸಿದಾಗ ಮತ್ತದೇ ಗೊಣಗಾಟ, ಮತ್ತದೇ "ಇಳಿ". ಖಾಜಾ ಮಿಯಾ ಎರಡನೆಯ ಸಲ ಬಂದ, ಮತ್ತೆ ಎಲ್ಲ ಬಿಚ್ಚಿದ, ಮತ್ತೆ ಅವನ ಕೈಯಲ್ಲಿ ಕಾರು ಏರಿತು. ತಲೆ ಕೆರೆದುಕೊಳ್ಳುತ್ತ ಕುಕ್ಕರುಗಾಲಲ್ಲಿ ಕುಳಿತು ಅವನು ನನಗೆ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ.

"ಕಬ್ ಚಲ್ರೀ, ಕಬ್ ನೈ ಚಲ್ರೀ. ಬಸ್, ವೋ ದೇಖನಾ ಬೇಟಾ."

ಯಾವಾಗ ಓಡುತ್ತದೆ, ಯಾವಾಗ ಓಡುವುದಿಲ್ಲ, ಅದನ್ನು ನೋಡು. ಮುಂದೆ ಮೂವತ್ತು ವರ್ಷ ನಾನು ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ದುಡಿದೆ, ಅಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೂರನೆಯ ಸಲ ಬಂದಾಗ ಅವನು ಅಪ್ಪನನ್ನೇ ಓಡಿಸಲು ಕೇಳಿ ಪಕ್ಕದಲ್ಲಿ ಕೂರಬೇಕೆಂದಿದ್ದ. ಮಗನ ಮಗ್ಗುಲಲ್ಲಿ ಅವನು ಕೂರುವುದಕ್ಕೆ ಆಯಿ ಒಪ್ಪಲಿಲ್ಲ. ಹಾಗಾಗಿ ಆಗಲೇ ಹರಡಿಕೊಂಡಿದ್ದ ಸಾಮಾನಿನ ಪಕ್ಕ, ಗೇಟಿನ ಹತ್ತಿರವೇ ನಿಂತು, ತುಂಬ ಮೆತ್ತಗೆ ಹೇಳಿದ:

"ಗಾಡೀ ಮೇ ಕುಚ್ ನೈ ಹೈ ಸಾಬ್. ಆಪ್ ಪೂರಾ ದಬಾತೇಚ್ ನೈ."

ಗಾಡಿಯಲ್ಲಿ ಏನೂ ಇಲ್ಲ, ನೀವು ಪೂರ್ತಿ ಒತ್ತುವುದೇ ಇಲ್ಲ. ಇಡೀ ಪ್ರಕರಣದಲ್ಲಿ ಆಡಿದ ಒಂದೇ ಒಂದು ಸತ್ಯದ ಮಾತು ಅದು. ಅಪ್ಪನ ಮುಖ ಕೆಂಪಾಯಿತು. ನನಗೆ ಗಾಡಿ ಓಡಿಸಲು ಬರುವುದಿಲ್ಲ ಅಂತೀಯಾ, ನೀನು ನಿನ್ನ ಮುಂದೆ ಓಡುವಂತೆ ಏನೋ ಮಸಲತ್ತು ಮಾಡಿ ಮತ್ತೆ ಮತ್ತೆ ಕರೆಸಿಕೊಳ್ಳುತ್ತೀಯಾ ಎಂದು ಹರಕು ಹಿಂದಿಯಲ್ಲಿ ಕೂಗಾಡಿದ. ಓಣಿಯವರು ಹೊರಬಂದರು. ಖಾಜಾ ಮಿಯಾ ಪೆಟ್ಟಿಗೆಯ ಮುಂದೆ ಕುಳಿತ. ಸಾಮಾನನ್ನು ಒಂದೊಂದಾಗಿ ನನಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಿದ, ಕಾವಲಿನವಳು ನೋಡಿಕೊಳ್ಳಲಿ ಎಂಬಂತೆ. ಸೈಕಲ್ ಹತ್ತಿ ಹೊರಟುಹೋದ. ಆ ದಿನ ನನಗಾದ ಅವಮಾನವನ್ನು ನಾನು ಯಾರಿಗೂ ಹೇಳಿಲ್ಲ.

ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಅಲ್ಲೇ ನಿಂತಿದ್ದೆ. ಯಾವಾಗ ಓಡುತ್ತದೆ? ಖಾಜಾ ಮಿಯಾ ಓಡಿಸಿದಾಗ. ಯಾವಾಗ ಇಲ್ಲ? ಅಪ್ಪ ಓಡಿಸಿದಾಗ. ಕಾರು ಅದೇ, ಪೆಟ್ರೋಲು ಅದೇ, ಏರು ಅದೇ. ಅವನ ಕಾಲಲ್ಲಿ ಬೂಟು, ಅಪ್ಪನದು ಬರಿಗಾಲು. ಗೋಡೆಯ ಮೇಲೆ ಜಮಖಾನೆ ಬಿಸಿಲಿಗೆ ಬಿದ್ದಿತ್ತು, ಎರಡು ನವಿಲೂ ತಲೆಕೆಳಗಾಗಿ. ಅದನ್ನು ನೋಡುತ್ತ ನೋಡುತ್ತ ಕಾರಿನ ಹತ್ತಿರ ಹೋದೆ. ಕಾರಿನ ಬಾಗಿಲು ತೆಗೆದು, ಮೊಣಕಾಲೂರಿ, ಆಕ್ಸಿಲರೇಟರನ್ನು ಕೈಯಿಂದ ಒತ್ತಿದೆ. ತಗಡಿಗೆ ತಾಗುವವರೆಗೆ ಹೋಯಿತು. ಜಮಖಾನೆ ತಂದು, ಅಪ್ಪ ಮಾಡುವಂತೆಯೇ ನಾಲ್ಕು ಮಡಿಕೆ ಮಾಡಿ ತುರುಕಿ ಮತ್ತೆ ಒತ್ತಿದೆ. ಅರ್ಧಕ್ಕೇ ನಿಂತಿತು. ಅದಕ್ಕಿಂತ ಕೆಳಗೆ ಹೋಗಲು ಜಾಗವೇ ಇರಲಿಲ್ಲ. ಅಪ್ಪ ಎಷ್ಟೇ ಒತ್ತಿದರೂ ಅವನು ಒತ್ತುತ್ತಿದ್ದುದು ಜಮಖಾನೆಯನ್ನು. ಮೂರು ಸಲ ತೆಗೆದು ಇಟ್ಟು ನೋಡಿ ಖಾತ್ರಿ ಮಾಡಿಕೊಂಡೆ. ಆಮೇಲೆ ಹಿತ್ತಿಲಿನಿಂದ ಸುತ್ತು ಹೊಡೆದು ಅಡಿಗೆಮನೆಗೆ ಓಡಿದೆ. ಅವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

"ಖರೇನ?" ಅಂದಳು.

"ಖರೇನ. ಮೂರು ಸಲ ನೋಡೀನಿ."

ಅವಳು ರೊಟ್ಟಿ ಮಗುಚಲಿಲ್ಲ. ಸುಟ್ಟ ವಾಸನೆ ಬಂತು.

"ಯಾರಿಗೂ ಹೇಳಬ್ಯಾಡ."

"ಯಾಕ?"

"ಹೇಳಿದ್ರ ಏನಂತಾರ ಗೊತ್ತೈತೇನ ನಿನಗ? ಜಮಖಾನಿ ಯಾರದು ಅಂತ ಕೇಳತಾರ. ಸೋಮವಾರ ಒಗ್ಯಾಕ ಅಂತ ತಗದು ಟ್ರಂಕಿನ್ಯಾಗ ಇಟ್ಟಬಿಡತೀನಿ. ಗಾಡಿ ತಾನ ಏರತೈತಿ."

ನನಗೆ ಆ ಮಾತು ಒಂದಿಷ್ಟೂ ಹಿಡಿಸಲಿಲ್ಲ. ಹನ್ನೊಂದು ವರ್ಷದವಳಿಗೆ ನ್ಯಾಯ ಬೇಕಿತ್ತು. ಎಲ್ಲರ ತಲೆ ತಗ್ಗಬೇಕು, ಕಾಕಾನ ನಗು ನಿಲ್ಲಬೇಕು, ಅಪ್ಪ ಲಾಲಾಪೇಟೆಗೆ ಹೋಗಿ ಖಾಜಾ ಮಿಯಾನ ಮುಂದೆ ನಿಲ್ಲಬೇಕು. ಕದ್ದು ತೆಗೆದು ಟ್ರಂಕಿನಲ್ಲಿಟ್ಟರೆ ಅವ್ವ ನಡೆದ ನಡಿಗೆಗೆ ಬೆಲೆ ಏನು? ಸೋಮವಾರಕ್ಕೆ ಮೊದಲು ಭಾನುವಾರ ಬಂತು. ಏರಿನ ಬುಡದಲ್ಲಿ ಕಾರು ಗೊಣಗಿತು, ಅಪ್ಪ ಕನ್ನಡಿಯಲ್ಲಿ ನೋಡಿ ಇಳಿ ಎಂದ, ಅವ್ವನ ಕೈ ಬಾಗಿಲಿನ ಹಿಡಿಕೆಗೆ ಹೋಯಿತು. ನನ್ನಿಂದ ತಡೆಯಲಾಗಲಿಲ್ಲ.

"ಅವ್ವ ಯಾಕ ಇಳೀಬೇಕು? ನಿನ್ನ ಕಾಲಾಗ ಜಮಖಾನಿ ಐತಿ! ಅದನ್ನ ತಗಿ, ಗಾಡಿ ಏರತೈತಿ!"

ಕಾರು ನಿಂತಿತು. ಹಿಂದೆ ಲಾರಿ ಅರಚಿತು. ಅಪ್ಪ ಬಗ್ಗಿ ನೋಡಿದ, ಜಮಖಾನೆ ಎಳೆದು ಹಿಂದಕ್ಕೆ ಎಸೆದ, ಅದು ಅವ್ವನ ಮಡಿಲಿಗೆ ಬಿತ್ತು. ಒತ್ತಿದ. ಕಾರು ಹಾರಿದಂತೆ ಏರು ಹತ್ತಿತು. ಮೇಲೆ ಮುಟ್ಟಿದೆವು. ನಾನು ಕಾಯುತ್ತಿದ್ದೆ. ಅಪ್ಪ ಈಗ ಏನೋ ಅನ್ನುತ್ತಾನೆ, ತಪ್ಪಾಯಿತು ಎನ್ನದಿದ್ದರೂ ಅದಕ್ಕೆ ಹತ್ತಿರದ ಏನಾದರೂ ಅನ್ನುತ್ತಾನೆ ಎಂದು. ಅಪ್ಪ ಜೋರಾಗಿ ನಕ್ಕ.

"ಅಂದ್ರ ಇಷ್ಟ ದಿನಾ ನಿಮ್ಮವ್ವನ ತವರಮನಿ ನನ್ನ ಗಾಡಿ ಕಾಲ ಹಿಡದಿತ್ತು ಅನ್ನು!"

ಕಾಕಾ ತೊಡೆ ತಟ್ಟಿಕೊಂಡು ನಕ್ಕ. ಅಣ್ಣ ನಕ್ಕ. ಆಯಿ, ನವಲಗುಂದದ್ದು ಅಂದಾಗಲೇ ನನಗೆ ಅನುಮಾನ ಇತ್ತು ಎಂದಳು. ಸೋದರತ್ತೆಯ ಮನೆಯಲ್ಲಿ ಎಲೆ ಹಾಕುವ ಮೊದಲೇ ಕಥೆ ತಯಾರಾಗಿತ್ತು. ಅಪ್ಪ ಅಭಿನಯ ಮಾಡಿ ತೋರಿಸಿದ. ಕಾಯಿಲೆ ಪತ್ತೆಹಚ್ಚಿದವನು ತಾನೇ ಎಂಬಂತೆ, ಸುಮ್ಮನೆ ಬಗ್ಗಿ ನೋಡಿದೆ, ಸಿಕ್ಕಿತು ಎಂದ. ಆ ಜಮಖಾನೆಯನ್ನು ಟ್ರಂಕಿನಿಂದ ಎಳೆದು ತಂದವರು ಯಾರು, ನಾಲ್ಕು ಮಡಿಕೆ ಮಾಡಿದವರು ಯಾರು, ಯಾರೂ ಕೇಳಲಿಲ್ಲ. ಖಾಜಾ ಮಿಯಾ ಕಥೆಯಲ್ಲಿ ಬರೀ ಸುಸ್ತಾದ ಮೆಕ್ಯಾನಿಕ್ ಆದ, ಅವನ ಹೆಸರೂ ಬರಲಿಲ್ಲ. ಅವನಲ್ಲಿಗೆ ಯಾರೂ ಹೋಗಲೂ ಇಲ್ಲ. ಬಡಿಸುತ್ತಿದ್ದ ಅವ್ವ ನನ್ನ ಎಲೆಯ ಮುಂದೆ ಬಂದಾಗ ಒಂದು ಕ್ಷಣ ನಿಂತು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ನೋಡಿದೆಯಾ, ಎಂಬಂತಿತ್ತು.  ಅವಳನ್ನು ಕಾಪಾಡಲು ಹೋಗಿ ನಾನೇ ಅವರ ಕೈಗೆ ನಲವತ್ತು ವರ್ಷಕ್ಕಾಗುವಷ್ಟು ನಗೆ ತುಂಬಿಕೊಟ್ಟಿದ್ದೆ. ಅದಕ್ಕಾಗಿ ನನ್ನ ಮೇಲೂ ನನಗೆ ಸಿಟ್ಟಿದೆ.

ಮನೆಯ ಕಥೆ ಮುಗಿಯುವುದು ಇಲ್ಲಿಗೆ. ಇದರ ಮುಂದಿನದು ನಡೆದದ್ದು ನಂತರದ ಭಾನುವಾರ.

ಆ ವಾರದಲ್ಲಿ ಅವ್ವ ಜಮಖಾನೆ ಒಗೆದು, ಒಣಗಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ಅಪ್ಪನ ಕಾಲಡಿಗೆ ಒಂದು ತೆಳ್ಳನೆಯ ಗೋಣಿತಾಟು ಬಂದಿತ್ತು. ಆಯಿಯ ಕಾನೂನು ಹಾಗೇ ಇತ್ತು, ಚಪ್ಪಲಿಗಳೆಲ್ಲ ಡಿಕ್ಕಿಯಲ್ಲಿದ್ದವು. ಮೆಟ್ಟುಗೂಡದ ಏರಿನ ಬುಡಕ್ಕೆ ಬಂದೆವು. ಕಾರು ಉತ್ಸಾಹದಲ್ಲಿ ಹತ್ತಲು ಶುರುಮಾಡಿತು. ಆಗ ಅವ್ವ ಅಂದಳು:

"ನಿಲ್ಲಸ್ರಿ."

"ಯಾಕ? ಛಲೋ ಏರಾಕತ್ತೈತಲ್ಲ?"

"ಏರತೈತಿ, ಗೊತ್ತೈತಿ. ನಾ ಇಳೀತೀನಿ. ಇಷ್ಟ ದಿನ ನೀವು ಇಳಿ ಅಂದಾಗ ಇಳದೀನಿ. ಇವತ್ತ ನನಗ ಇಳೀಬೇಕಾಗೈತಿ."

ಅವಳ ದನಿ ಏರಿರಲಿಲ್ಲ. ಅದಕ್ಕೇ ಇರಬೇಕು, ಅಪ್ಪ ಕಾರು ಪಕ್ಕಕ್ಕೆ ತಂದು ನಿಲ್ಲಿಸಿದ. ಅವ್ವ ಬಾಗಿಲು ತೆರೆದಳು, ಆದರೆ ಕಾಲು ಕೆಳಗಿಡಲಿಲ್ಲ.

"ಡಿಕ್ಕಿ ತಗದು ನನ್ನ ಚಪ್ಪಲ್ ಕೊಡ್ರಿ."

ಅಪ್ಪ ಅಣ್ಣನ ಕಡೆ ನೋಡಿದ. ಅಣ್ಣ ಏಳಲು ಹೋದ.

"ಅಂವ ಬ್ಯಾಡ. ನೀವ ಕೊಡ್ರಿ."

ಕಾಕಾ, ನಾ ತರ್ತೀನ್ರಿ ವೈನಿ, ಎಂದ. ನೀವು ಕುಂದರ್ರಿ, ಅಂದಳು ಅವ್ವ, ಅವನ ಕಡೆ ನೋಡದೆ. ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡು, ಗಂಡನ ಕೈಯಾಗ ಚಪ್ಪಲ್ ಹೊರಸ್ತಾಳಲ್ಲೋ ಇಕಿ, ಎಂದು ಶುರುಮಾಡಿದಳು. ಅವ್ವ ಸೀಟಿನ ಅಂಚಿನಲ್ಲಿ ಕಾಲು ಹೊರಚಾಚಿ ಕುಳಿತೇ ಇದ್ದಳು. ಹಿಂದೆ ಲಾರಿಗಳ ಹಾರ್ನು. ಅಪ್ಪ ಇಳಿದ. ಬರಿಗಾಲು ಡಾಂಬರಿಗೆ ತಾಗಿದ್ದೇ ಹಾಂ ಎಂದು ಎಗರಿದ. ಎಗರುತ್ತಲೇ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದು ಚೀಲ ಸುರಿದ. ಆರು ಜೊತೆ ಚಪ್ಪಲಿ ರಸ್ತೆಯ ಮೇಲೆ ಬಿದ್ದವು. ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಟ್ಟು, ಮತ್ತೆ ಬದಲಿಸುತ್ತ, ಒಂದನ್ನು ಎತ್ತಿ ತೋರಿಸಿದ. ಅದು ಆಯಿಯದು. ಇನ್ನೊಂದು ಎತ್ತಿದ. ಅದು ನನ್ನದು. ಮುಖವೆಲ್ಲ ಬೆವರಾಗಿ, ಕೂಗಿದ:

"ಯಾವ್ವು ನಿನ್ನವು?"

ಅವ್ವ ಹೇಳಲಿಲ್ಲ. ಹದಿನಾಲ್ಕು ವರ್ಷ ಅವಳು ಅವನ ಹಿಂದೆ ನಡೆದಿದ್ದಳು. ಅವಳ ಕಾಲಲ್ಲಿ ಏನಿರುತ್ತದೆಂದು ಅವನು ಒಮ್ಮೆಯೂ ನೋಡಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು. ಈ ಸಲ ನಾನು ಅವಳ ಮಾತು ಕೇಳಿ ಸುಮ್ಮನಿದ್ದೆ. ಅಪ್ಪ ಕುಣಿಯುತ್ತ ಹುಡುಕುತ್ತ ಹುಡುಕುತ್ತ, ಕೊನೆಗೆ ಉಳಿದವುಗಳಲ್ಲಿ ತನ್ನದಲ್ಲದ್ದನ್ನು, ತಮ್ಮನದಲ್ಲದ್ದನ್ನು, ಮಗನದಲ್ಲದ್ದನ್ನು ಗುರುತಿಸಿ, ಕಂದು ಪಟ್ಟಿಯ ಒಂದು ಜೊತೆಯನ್ನು ಎತ್ತಿಕೊಂಡು ಬಂದ. ಎಡಗಾಲಿನ ಪಟ್ಟಿಗೆ ಅವ್ವ ತಾನೇ ಹಾಕಿಕೊಂಡ ಕಪ್ಪು ದಾರದ ಹೊಲಿಗೆ ಇತ್ತು. ಅವನು ಅದನ್ನು ಒಂದು ಗಳಿಗೆ ನೋಡಿದ, ಬಗ್ಗಿ ಅವಳ ಕಾಲ ಕೆಳಗೆ ಇಟ್ಟ.

ಅವ್ವ ಚಪ್ಪಲಿ ಮೆಟ್ಟಿ ಇಳಿದಳು. ನಾನೂ ನನ್ನದನ್ನು ಹಾಕಿಕೊಂಡು ಅವಳ ಜೊತೆ ಹೊರಟೆ. ಅವಳು ಅವಸರ ಮಾಡಲಿಲ್ಲ, ಸೀರೆಯ ನೆರಿಗೆ ಎತ್ತಿ ಹಿಡಿಯಲೂ ಇಲ್ಲ. ಹಿಂದೆ ಡಿಕ್ಕಿ ಮುಚ್ಚಿದ ಸದ್ದಾಯಿತು, ಕಾರು ಹೊರಟಿತು. ಈಗ ಅದಕ್ಕೆ ಬೇಕಾದಷ್ಟು ಶಕ್ತಿಯಿತ್ತು, ಎರಡು ನಿಮಿಷದಲ್ಲಿ ನಮ್ಮನ್ನು ದಾಟಿ ಮೇಲೆ ಹೋಗಬಹುದಿತ್ತು. ನಾವು ಏರು ಮುಗಿಸುವವರೆಗೂ ಅದು ಮೊದಲನೆಯ ಗೇರಿನಲ್ಲಿ, ನಮ್ಮ ಹಿಂದೆಯೇ ಬಂತು.